ಹತ್ತನೇ ಕ್ಲಾಸಿನ ವರ್ಷವೆಲ್ಲ ಶಾಲೆ ರಿಪೇರಿ. ವಾರ್ಷಿಕೋತ್ಸವವೂ ಇಲ್ಲವಂತೆ, ಏನು ಮಾಡೋಣ?

ತೋಪಿನಮನೆ:
ಎಲ್ಲರಿಗೂ ನಮಸ್ಕಾರ. ನಾವು ಕೋಲಾರ ಜಿಲ್ಲೆ, ಮಾಲೂರು ಕಡೆಯವರು. ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ನನ್ನ ಮಗಳು ಹತ್ತನೇ ಕ್ಲಾಸ್. ನಾನೂ ಅಲ್ಲೇ ಓದಿದವಳು. ಶಾಲೆ ಹೆಸರು ಹಾಕುವುದಿಲ್ಲ. ಗೊತ್ತಾದವರು ಸುಮ್ನಿರಿ.

ಜೂನ್‌ನಲ್ಲಿ ಹೆಂಚಿನ ಹಳೇ ಕಟ್ಟಡದ ರಿಪೇರಿ ಶುರು ಮಾಡಿದರು. ಮೂರು ತಿಂಗಳ ಕೆಲಸ ಅಂದಿದ್ದರು. ಈಗ ಡಿಸೆಂಬರ್. ನಾಲ್ಕು ರೂಮಿನ ಹೆಂಚು ಇಳಿಸಿದ್ದಾರೆ, ಎರಡಕ್ಕೆ ಕಾಂಕ್ರೀಟ್ ಮೋಲ್ಡ್ ಹಾಕಿದ್ದಾರೆ. ಉಳಿದ ಎರಡಕ್ಕೆ ಆಕಾಶವೇ ಸೂರು. ಎಂಟನೇ ಕ್ಲಾಸು ಹೊಂಗೆ ಮರದ ಕೆಳಗೆ, ಒಂಬತ್ತು ಸಮುದಾಯ ಭವನದಲ್ಲಿ, ಹತ್ತು ಲ್ಯಾಬಿನಲ್ಲಿ. ಭವನದಲ್ಲಿ ಯಾರದಾದರೂ ಮದುವೆ ಇದ್ದರೆ ಒಂಬತ್ತನೆಯವರಿಗೆ ರಜ.

ಮಕ್ಕಳ ಕಾರ್ಯಕ್ರಮಗಳ ಕಥೆ ಕೇಳಬೇಡಿ. ಸ್ಟೇಜಿನ ಮೇಲೆ ಜಲ್ಲಿ, ಎಂ ಸ್ಯಾಂಡ್, ಕಬ್ಬಿಣ. ಸ್ವಾತಂತ್ರ್ಯ ದಿನ ಗೇಟಿನ ಹೊರಗೆ ರಸ್ತೆಯಲ್ಲಿ ಆಯಿತು. ಶಿಕ್ಷಕರ ದಿನ ಆಗಲೇ ಇಲ್ಲ. ರಾಜ್ಯೋತ್ಸವಕ್ಕೆ ಧ್ವಜ ಹಾರಿಸಿ ಲಾಡು ಕೊಟ್ಟು ಮನೆಗೆ ಕಳಿಸಿದರು. ಪ್ರವಾಸವೂ ಹೋಯಿತು. ಈಗ ವಾರ್ಷಿಕೋತ್ಸವವೂ ಬೇಡವಂತೆ. "ಮುಂದಿನ ವರ್ಷ ಹೊಸ ಕಟ್ಟಡದಲ್ಲಿ ಜೋರಾಗಿ ಮಾಡೋಣ" ಅಂತಿದ್ದಾರೆ. ಮುಂದಿನ ವರ್ಷ ಈ ಮಕ್ಕಳು ಅಲ್ಲಿ ಇರೋದೇ ಇಲ್ಲ ಅಲ್ವಾ? ನನ್ನ ಮಗಳು ಕೋಲಾಟಕ್ಕೆ ಅಂತ ಕೋಲಿಗೆ ಬಣ್ಣ ಹಚ್ಚಿ ಅಟ್ಟದ ಮೇಲೆ ಇಟ್ಟಿದ್ದಾಳೆ.

ನಿಮ್ಮ ಶಾಲೆಗಳಲ್ಲಿ ಹೀಗಾದಾಗ ಏನು ಮಾಡಿದಿರಿ? ಪೋಷಕರು ಹೋಗಿ ಕೇಳಿದರೆ ಮಕ್ಕಳ ಮೇಲೆ ಸಿಟ್ಟು ಬರುತ್ತಾ?

ಬಂಗಾರಪೇಟೆ ಪಾನಿಪುರಿ:
ಮದುವೆ ಇದ್ದ ದಿನ ರಜಾನಾ? ನಮ್ಮ ಕಾಲದಲ್ಲಿ ಈ ಭಾಗ್ಯ ಇರಲಿಲ್ಲ. ಊಟಾನೂ ಅಲ್ಲೇನಾ?

ತೋಪಿನಮನೆ:
ಊಟಕ್ಕೆ ಮಾತ್ರ ಎಲ್ಲರೂ ಹಾಜರ್ ಅಣ್ಣ.

ಗಣಿತದ ಮೇಷ್ಟ್ರು:
ನಾನು ಈ ಜಿಲ್ಲೆಯಲ್ಲೇ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾದವನು. ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಮ್ಮ.

ಮಕ್ಕಳು ಆರು ತಿಂಗಳು ಸರಿಯಾಗಿ ಪಾಠ ಕೇಳಿಲ್ಲ. ಮಿಕ್ಸರ್ ಸದ್ದಿನಲ್ಲಿ ಪ್ರಮೇಯ ಹೇಳಿಕೊಡುವುದು ಹೇಗಿರುತ್ತದೆ ಅಂತ ನನಗೆ ಗೊತ್ತು. ಇನ್ನು ಪೂರ್ವಸಿದ್ಧತಾ ಪರೀಕ್ಷೆಗಳು ಶುರುವಾಗುತ್ತವೆ. ಅದು ಮುಗಿಯುವ ಹೊತ್ತಿಗೆ ಪಬ್ಲಿಕ್ ಪರೀಕ್ಷೆ ಬಾಗಿಲಲ್ಲಿ ನಿಂತಿರುತ್ತದೆ. ಒಟ್ಟು 625 ಅಂಕ. ಡ್ಯಾನ್ಸ್ ಪ್ರಾಕ್ಟೀಸ್ ಅಂತ ಒಮ್ಮೆ ಬಾಯಿಬಿಟ್ಟರೆ ಹದಿನೈದು ದಿನ ಒಂದು ಮಗುವೂ ಬೆಂಚಿನ ಮೇಲೆ ಕೂರುವುದಿಲ್ಲ. ಕೊನೆಗೆ ಫಲಿತಾಂಶ ಬಿದ್ದರೆ ಹೆಡ್‌ಮಾಸ್ಟರಿಗೆ ನೋಟಿಸ್. ಜಲ್ಲಿ ತಂದು ಸುರಿದವನಿಗೆ ಯಾರೂ ನೋಟಿಸ್ ಕೊಡುವುದಿಲ್ಲ. ಅವರು ಬೇಡ ಅಂದಿದ್ದರೆ ಅದಕ್ಕೂ ಕಾರಣ ಇದೆ.

ಹಳೇಬೆಂಚು:
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ನನಗೆ ಹತ್ತನೇ ಕ್ಲಾಸಿನ ಒಂದು ಪ್ರಮೇಯವೂ ನೆನಪಿಲ್ಲ. ಟ್ರ್ಯಾಕ್ಟರ್ ನೆನಪಿದೆ.

ಮುಳಬಾಗಿಲು ಕಡೆ ನಮ್ಮ ಶಾಲೆ. 1996. ಮಳೆಗೆ ಒಂದು ಗೋಡೆ ಕುಸಿದು ಕಟ್ಟಡಕ್ಕೆ ಬೀಗ ಹಾಕಿದ್ದರು. ಊರಿನವರು ಎರಡು ಟ್ರ್ಯಾಕ್ಟರ್ ಟ್ರೇಲರ್ ಒಂದಕ್ಕೊಂದು ತಾಗಿಸಿ ನಿಲ್ಲಿಸಿ, ಮೇಲೆ ಜಮಖಾನ ಹಾಸಿ ಸ್ಟೇಜ್ ಮಾಡಿಕೊಟ್ಟರು. ನಡುವೆ ಒಂದು ಗೇಣು ಸಂದು ಉಳಿದಿತ್ತು. ಜಮಖಾನದ ಕೆಳಗೆ ಕಾಣುತ್ತಿರಲಿಲ್ಲ. ನಾಟಕದಲ್ಲಿ ಮಂತ್ರಿ "ಮಹಾಪ್ರಭು" ಅಂತ ಒಂದು ಹೆಜ್ಜೆ ಮುಂದಿಟ್ಟ, ಮೊಣಕಾಲಿನವರೆಗೂ ಒಳಗೆ ಹೋದ. ರಾಜ ಸಿಂಹಾಸನದಿಂದ ಎದ್ದು ಬಂದು ಎತ್ತಿದ. ಜನ ಅದೂ ನಾಟಕವೇ ಅಂದುಕೊಂಡು ಚಪ್ಪಾಳೆ ಹೊಡೆದರು. ಆ ಮಂತ್ರಿ ನಾನೇ. ಗಾಯದ ಗುರುತು ಇನ್ನೂ ಇದೆ.

ಅಕ್ಕಾ, ಹೋಗಿ ಕೇಳಿ. ಆದರೆ ಒಬ್ಬರೇ ಹೋಗಬೇಡಿ, ಹತ್ತು ಜನ ಪೋಷಕರು ಸೇರಿಕೊಂಡು ಹೋಗಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಸೈಟ್ ಸೀನ:
ಕಟ್ಟಡದ ಕೆಲಸ ನನ್ನದು, ಅದಕ್ಕೆ ಬಾಯಿ ಹಾಕ್ತಿದ್ದೀನಿ. ಮೋಲ್ಡ್ ಹಾಕಿ ಎಷ್ಟು ದಿನ ಆಯಿತು ಅಕ್ಕ? ಸೆಂಟ್ರಿಂಗ್ ತೆಗೆದಿದ್ದಾರಾ?

ತೋಪಿನಮನೆ:
ಮೋಲ್ಡ್ ಹಾಕಿ ಹತ್ತು ದಿನ ಆಗಿರಬೇಕು. ಕಂಬ, ಶೀಟು ಎಲ್ಲ ಇನ್ನೂ ಹಾಗೇ ಇದೆ. ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ.

ಸೈಟ್ ಸೀನ:
ನೀರು ನಿಲ್ಲಿಸಿದ್ದಾರೆ ಅಂದರೆ ಮೇಸ್ತ್ರಿ ಪರವಾಗಿಲ್ಲ. ಈಗ ಎಲ್ಲ ಕಡೆ ಪಿಪಿಸಿ ಸಿಮೆಂಟು, ಅಂದರೆ ಹಾರುಬೂದಿ ಬೆರೆಸಿದ್ದು. ಅದಕ್ಕೆ ಕಡಿಮೆ ಅಂದರೂ 10 ದಿನ ಕ್ಯೂರಿಂಗ್ ಬೇಕು, 14 ದಿನ ಮಾಡಿದರೆ ಒಳ್ಳೇದು. ಆದರೆ ಕಂಬ ಬಿಚ್ಚುವ ಲೆಕ್ಕ ಬೇರೆ. ಕ್ಲಾಸ್‌ರೂಮ್ ಅಂದರೆ ಅಗಲ ಜಾಸ್ತಿ, ನಡುವೆ ಬೀಮ್ ಇರುತ್ತೆ. ಬೀಮಿನ ಕೆಳಗಿನ ಕಂಬವನ್ನ 14 ದಿನ ಮುಟ್ಟೋ ಹಾಗಿಲ್ಲ. 6 ಮೀಟರ್ ದಾಟಿದ ಬೀಮ್ ಆದರೆ 21 ದಿನ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಕಾರ್ಯಕ್ರಮ ಮಾಡಿ, ಬೇಡ ಅನ್ನಲ್ಲ. ಆದರೆ ಮಕ್ಕಳು ಡ್ರೆಸ್ ಬದಲಾಯಿಸೋಕೆ ಜಾಗ ಹುಡುಕ್ತಾರೆ. ಕತ್ತಲೆ ಇರೋದು ಎಲ್ಲಿ? ಸೆಂಟ್ರಿಂಗ್ ಇರೋ ರೂಮಿನಲ್ಲಿ. ಒಳಗೆ ನುಗ್ಗಿ ಒಂದು ಕಂಬ ಒದ್ದರೆ ಕಥೆ ಮುಗೀತು. ಸೂರಿಲ್ಲದ ಎರಡು ರೂಮಿಗೂ ಬಿಡಬೇಡಿ. ಮೇಲೆ ಹಿಡಿತ ಇಲ್ಲದ ಹಳೇ ಗೋಡೆ ಅದು. ಅಡ್ಡಕ್ಕೆ ಹಗ್ಗ ಕಟ್ಟಿದರೆ ಸಾಲದು, ಹಗ್ಗ ಇದ್ದರೆ ಮಕ್ಕಳು ಅದರ ಕೆಳಗೆ ನುಗ್ತಾರೆ. ತಗಡು ಹೊಡೀರಿ.

ಮಾಲೂರು ಹೆಂಚು:
ಎಲ್ಲರೂ ವಾರ್ಷಿಕೋತ್ಸವದ ಚಿಂತೆಯಲ್ಲಿದ್ದೀರಿ. ನನಗೆ ಬೇರೆ ಹೊಟ್ಟೆಯುರಿ. ಹೆಂಚು ಇಳಿಸಿದ್ದು ಯಾಕೆ?

ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮುಂದೆ ನಮ್ಮ ಮಾಲೂರೂ ಹೆಂಚು, ಇಟ್ಟಿಗೆಗೆ ಹೆಸರಾಯಿತು. ನಮ್ಮ ತಾತ ಕೆರೆಯಿಂದ ಜೇಡಿಮಣ್ಣು ಗಾಡಿಯಲ್ಲಿ ಹೊಡೆದವರು. ಆ ಹೆಂಚಿನ ಕೆಳಗೆ ಏಪ್ರಿಲ್‌ನಲ್ಲೂ ಪರೀಕ್ಷೆ ಬರೆದಿದ್ದೇವೆ, ಫ್ಯಾನ್ ಇಲ್ಲದೆ. ಈಗ ಮೋಲ್ಡ್ ಹಾಕಿ ಅದರ ಕೆಳಗೆ ಮಕ್ಕಳನ್ನು ಬೇಯಿಸುತ್ತಾರೆ. ಮರದ ತೀರು, ರೀಪು ಬದಲಾಯಿಸಿ ಅದೇ ಹೆಂಚು ಜೋಡಿಸಿದ್ದರೆ ಜೂನ್‌ನಲ್ಲೇ ಕೆಲಸ ಮುಗಿಯುತ್ತಿತ್ತು. ಮಗಳ ಕೋಲಾಟವೂ ಆಗುತ್ತಿತ್ತು.

ಸೈಟ್ ಸೀನ:
ಅಣ್ಣಾ, ಹೇಳೋದು ಸುಲಭ. ಗೆದ್ದಲು ತಿಂದ ತೀರಿಗೆ ಬದಲು ತೀರು ಎಲ್ಲಿಂದ ತರ್ತೀರಿ? ಹೆಂಚು ಹೊದಿಸೋ ಹಳೇ ಕೆಲಸಗಾರರು ಈಗ ಸಿಗೋದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕೋತಿ. ಒಂದು ಹಿಂಡು ಬಂದು ಹೋದರೆ ಇಪ್ಪತ್ತು ಹೆಂಚು ಪುಡಿ. ಮಳೆ ಬಂದರೆ ಕ್ಲಾಸಿನಲ್ಲಿ ಬಕೆಟ್ ಇಡಬೇಕು.

ಅಂತರಗಂಗೆ:
ಕೋತಿ ವಿಷಯ ಎತ್ತಬೇಡಿ. ನಮ್ಮ ಕಡೆ ಬೆಟ್ಟದಲ್ಲಿ ಬ್ಯಾಗ್ ಜಿಪ್ ತೆಗೆದು ಟಿಫನ್ ಬಾಕ್ಸ್ ಹೊತ್ಕೊಂಡು ಹೋಗ್ತವೆ.

ಮಾಲೂರು ಹೆಂಚು:
ಕೋತಿಗೆ ಹೆದರಿ ಮನೆ ಬದಲಿಸಿದ ಮೊದಲ ದೇಶ ನಮ್ಮದೇ ಇರಬೇಕು. ಅದಿರಲಿ, ಇಳಿಸಿದ ಹೆಂಚು, ತೀರು ಎಲ್ಲಿ ಹೋಯಿತು? ಸರ್ಕಾರಿ ಕಟ್ಟಡದ ಹಳೇ ಸಾಮಾನು ಬಹಿರಂಗ ಹರಾಜಾಗಬೇಕು. ಯಾರದೋ ಫಾರ್ಮ್‌ಹೌಸಿಗೆ ಹೋಗಿಲ್ಲ ತಾನೆ?

ತೋಪಿನಮನೆ:
ಹೆಂಚು ಸೈಕಲ್ ಸ್ಟ್ಯಾಂಡಿನ ಹಿಂದೆ ಜೋಡಿಸಿಟ್ಟಿದ್ದಾರೆ ಅಣ್ಣ. ಈಗ ದಯವಿಟ್ಟು ನನ್ನ ಪ್ರಶ್ನೆಗೆ ಬನ್ನಿ.

ಕವ್ವಾಲಿ ಟೀಚರ್:
ನಾನು ಚಿಂತಾಮಣಿ ಕಡೆ ಪ್ರೌಢಶಾಲಾ ಶಿಕ್ಷಕಿ. ನಮ್ಮಲ್ಲೂ ಎರಡು ವರ್ಷದ ಹಿಂದೆ ಟಾಯ್ಲೆಟ್, ಕಾಂಪೌಂಡ್, ರೂಮು ಮೂರೂ ಒಟ್ಟಿಗೇ ಅಗೆದರು. ಒಬ್ಬರ ಅನುದಾನ ಬಂದಾಗ ಇನ್ನೊಬ್ಬರ ಬಿಲ್ ಆಗಿರಲ್ಲ, ಆ ಕಥೆ ಬೇಡ.

ವಾರ್ಷಿಕೋತ್ಸವ ಅಂದ ತಕ್ಷಣ ನಾವು ಶಾಮಿಯಾನ, ಲೈಟಿಂಗ್, ಮುಖ್ಯ ಅತಿಥಿ, ಶಾಲು ಹಾರ ಅಂತ ಲೆಕ್ಕ ಹಾಕ್ತೀವಿ. ಅದಕ್ಕೇ ಹೆಡ್‌ಮಾಸ್ಟರಿಗೆ ಭಯ. ನಾವು ಆ ವರ್ಷ ಒಡೆದು ಹಂಚಿದೆವು. ಮಕ್ಕಳ ಸಂತೆ ರಸ್ತೆ ಪಕ್ಕದಲ್ಲೇ ಮಾಡಿದೆವು. ಸೊಪ್ಪು, ಟೊಮೆಟೊ, ಕಡಲೆಕಾಯಿ ಎಲ್ಲ ಮನೆಯಿಂದ ತಂದಿದ್ದರು. ಒಬ್ಬ ಹುಡುಗ ರೇಷ್ಮೆಗೂಡು ತಂದಿದ್ದ, ಯಾರೂ ತೆಗೆದುಕೊಳ್ಳಲಿಲ್ಲ, ಪಾಪ. ರಂಗೋಲಿ ಸ್ಪರ್ಧೆ ಹೊಸ ಕಾಂಕ್ರೀಟ್ ರಸ್ತೆಯ ಮೇಲೆ. ಪ್ರತಿಭಾ ಕಾರಂಜಿಗೆ ಕವ್ವಾಲಿ ಪ್ರಾಕ್ಟೀಸ್ ಮರದ ಕೆಳಗೆ. ಮಿಕ್ಸರ್ ಸದ್ದಿಗೆ ಮಕ್ಕಳು ದನಿ ಎತ್ತಿ ಎತ್ತಿ ಹಾಡಿ, ತಾಲೂಕು ಮಟ್ಟದಲ್ಲಿ ಮೈಕ್ ಕೈಕೊಟ್ಟಾಗ ನಮ್ಮವರ ಹಾಡು ಮಾತ್ರ ಹಿಂದಿನ ಸಾಲಿಗೆ ಕೇಳಿಸಿತು. ಪ್ರೈಜ್ ಬಂತು!

ಹತ್ತನೆಯವರಿಗೆ ಒಂದು ಶನಿವಾರ. ಬೆಳಗ್ಗೆ 10ಕ್ಕೆ ಶುರು, ಸಂಜೆ 4ಕ್ಕೆ ಎಲ್ಲರೂ ಮನೆಯಲ್ಲಿ. ಲೈಟಿಂಗೂ ಬೇಡ, ಜನರೇಟರೂ ಬೇಡ.

ಲೆಕ್ಕದ ಬುಕ್ಕು:
ಅದೂ ಸರಿ. ಆದರೆ ದುಡ್ಡು? ಪೋಷಕರ ಹತ್ತಿರ ತಲೆಗಿಷ್ಟು ಅಂತ ಎತ್ತೋಕೆ ಹೋಗಬೇಡಿ. 2022ರಲ್ಲಿ ಪೋಷಕರು ಸ್ವ ಇಚ್ಛೆಯಿಂದ ತಿಂಗಳಿಗೆ 100 ರೂಪಾಯಿ ಕೊಡಲಿ ಅಂತ ಸುತ್ತೋಲೆ ಬಂದಾಗ ಎಷ್ಟು ಗಲಾಟೆ ಆಯಿತು, ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡರು. ಕೊಡೋಕಾಗದ ಮನೆಯ ಮಗು ಆ ದಿನ ಹೊಟ್ಟೆನೋವು ಅಂತ ಮಲಗಿಬಿಡುತ್ತೆ. ನಾನು ಮಲಗಿದ್ದೆ. ಹಳೇ ವಿದ್ಯಾರ್ಥಿಗಳು ಹಾಕಲಿ, ಲೆಕ್ಕ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಲಿ.

ಗೌಡ್ರ ಹಟ್ಟಿ:
ಎಲ್ಲ ಮಾಡಿ, ಡಿಜೆ ಮಾತ್ರ ಬೇಡ. ಹೋದ ವರ್ಷ ಪಕ್ಕದೂರ ಶಾಲೆಯಲ್ಲಿ ಆರನೇ ಕ್ಲಾಸಿನ ಕೂಸುಗಳು ಕುಣಿದ ಹಾಡು ಕೇಳಿ ನಾನೇ ತಲೆ ತಗ್ಗಿಸಿದೆ. ಅದೂ ತೆಲುಗು ಹಾಡು. ಕನ್ನಡ ಶಾಲೆಯಲ್ಲಿ ತೆಲುಗು ಹಾಡು ಯಾಕೆ?

ಬಾಗೇಪಲ್ಲಿ ಬಸ್ಸು:
ಇಗೋ ಬಂತು. ಅಣ್ಣಾ, ನಮ್ಮ ಕಡೆ ಅರ್ಧ ಮಕ್ಕಳ ಮನೆಮಾತು ತೆಲುಗು. ಅದೇ ಮಕ್ಕಳು ಕನ್ನಡಕ್ಕೆ 125ಕ್ಕೆ 120 ತೆಗೀತಾರೆ. ಹಾಡು ಕೆಟ್ಟದಾಗಿದ್ದರೆ ಕೆಟ್ಟದು ಅನ್ನಿ, ಭಾಷೆ ಏನು ಮಾಡ್ತು?

ಗೌಡ್ರ ಹಟ್ಟಿ:
ನಾನು ಭಾಷೆಗೆ ಬೈಯಲಿಲ್ಲಪ್ಪ. ಕೋಲಾಟದ ಪದ, ಸೋಬಾನೆ ಪದ ಎಷ್ಟಿವೆ. ಅವು ಯಾರಿಗೂ ಬೇಡವಾಗಿವೆ ಅಂದೆ.

ಬಾಗೇಪಲ್ಲಿ ಬಸ್ಸು:
ಕೋಲಾಟದ ಪದ ನಮ್ಮಲ್ಲಿ ತೆಲುಗಿನಲ್ಲೇ ಇವೆ ಅಣ್ಣ.

ಗೌಡ್ರ ಹಟ್ಟಿ:
ಆಯಿತು ಬಿಡು. ಒಂದು ಕನ್ನಡ, ಒಂದು ತೆಲುಗು. ಡಿಜೆ ಬೇಡ ಅಷ್ಟೇ.

ಹತ್ತನೇ ಬಿ:
ನಾನು ಅದೇ ಶಾಲೆ. ಅಣ್ಣನ ಫೋನಿನಿಂದ ಬರೀತಿದ್ದೀನಿ. ದೊಡ್ಡವರೆಲ್ಲ ನಮ್ಮ ಬಗ್ಗೆ ಮಾತಾಡ್ತಿದ್ದೀರಿ, ನಮ್ಮನ್ನ ಯಾರೂ ಕೇಳಿಲ್ಲ.

ನಮಗೆ ಡಿಜೆ ಬೇಡ. ಎಂಟನೇ ಕ್ಲಾಸಿನಿಂದ ನೋಡಿದ್ದೀವಿ, ಪ್ರತಿ ವರ್ಷ ಹತ್ತನೆಯವರು ಹಳೇ ಕಟ್ಟಡದ ಮೆಟ್ಟಿಲ ಮೇಲೆ ನಿಂತು ಗ್ರೂಪ್ ಫೋಟೋ ತೆಗೆಸ್ಕೊಳ್ತಾರೆ. ಆಫೀಸಿನಲ್ಲಿ ಎಲ್ಲ ವರ್ಷದ ಫೋಟೋಗೂ ಫ್ರೇಮ್ ಹಾಕಿ ತೂಗಿದ್ದಾರೆ. ನಮ್ಮಮ್ಮ ಒಂದರಲ್ಲಿ ಇದ್ದಾರೆ. ಆ ಮೆಟ್ಟಿಲು ಅಕ್ಟೋಬರ್‌ನಲ್ಲಿ ದಸರಾ ರಜ ಇದ್ದಾಗ ಒಡೆದುಬಿಟ್ಟರು. ರಜ ಮುಗಿಸಿ ಬಂದಾಗ ಇರಲೇ ಇಲ್ಲ. ಹೇಳಿದ್ದರೆ ಒಡೆಯೋಕೆ ಮುಂಚೆ ಒಂದು ಫೋಟೋ ತೆಗೆಸ್ಕೊಳ್ತಿದ್ವಿ.

ಮತ್ತೆ ನಾವು ಓದ್ತಾ ಇದ್ದೀವಿ ಸಾರ್. ಸಂಜೆ ಸ್ಪೆಷಲ್ ಕ್ಲಾಸಿನಲ್ಲಿ ಲೈಟ್ ಇರಲ್ಲ, ವೈರ್ ಕಿತ್ತಿದ್ದಾರೆ. ಅದನ್ನೂ ಸ್ವಲ್ಪ ಹೇಳಿ.

ಹಳೇಬೆಂಚು:
ಮೆಟ್ಟಿಲಿನ ವಿಷಯ ಓದಿ ಸಂಕಟ ಆಯಿತು.

ಗಣಿತದ ಮೇಷ್ಟ್ರು:
ವೈರ್ ಕಿತ್ತಿದ್ದಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ ಮಗು. ಬೆಳಕಿಲ್ಲದೆ ಸ್ಪೆಷಲ್ ಕ್ಲಾಸ್ ಹೇಗೆ ಮಾಡುತ್ತಾರೆ? ತೋಪಿನಮನೆಯವರೇ, ಹೋಗುವುದಾದರೆ ಮೊದಲು ಇದನ್ನು ಕೇಳಿ. ಒಂದು ದಿನದ ಮೀಟಿಂಗಿನಲ್ಲಿ ಎರಡೂ ಆಗಲಿ. ಬೇಕಾದರೆ ನಾನು ಜೊತೆಗೆ ಬರುತ್ತೇನೆ. ಮಾಲೂರಿಗೆ ಬಸ್ಸಿದೆ.

ಬಂಗಾರಪೇಟೆ ಪಾನಿಪುರಿ:
ಮೇಷ್ಟ್ರು ಪಾರ್ಟಿ ಬದಲಾಯಿಸಿದರು!

ಗಣಿತದ ಮೇಷ್ಟ್ರು:
ಬದಲಾಯಿಸಿಲ್ಲ. ಹದಿನೈದು ದಿನದ ಪ್ರಾಕ್ಟೀಸಿಗೆ ಈಗಲೂ ವಿರೋಧ. ಒಂದು ವಾರ, ದಿನಕ್ಕೆ ಕೊನೇ ಪೀರಿಯಡ್ ಮಾತ್ರ.

ತೋಪಿನಮನೆ:
ಹೋಗಿ ಬಂದೆವು. ಹನ್ನೊಂದು ಜನ ಪೋಷಕರು, ಎಸ್‌ಡಿಎಂಸಿಯವರು, ಮತ್ತೆ ಮೇಷ್ಟ್ರು ನಿಜವಾಗಿಯೂ ಬಂದಿದ್ದರು! ಹೆಡ್‌ಮಾಸ್ಟರ್ ಸಿಟ್ಟಾಗಲಿಲ್ಲ. ಪಾಪ, ಅವರೇ ಸುಸ್ತಾಗಿದ್ದಾರೆ. "ಏನಾದರೂ ಆದರೆ ನನ್ನ ತಲೆಗೆ ಬರುತ್ತಮ್ಮ" ಅಂದರು. ಸೈಟ್ ಸೀನ ಅವರು ಹೇಳಿದ್ದನ್ನು ಫೋನಿನಲ್ಲೇ ಓದಿಸಿದೆ. ತಗಡು ಹೊಡೆಸೋಕೆ ಒಪ್ಪಿದರು. ಜನವರಿಯ ಒಂದು ಶನಿವಾರ, ಹಗಲಿನಲ್ಲಿ, ಆಟದ ಬಯಲಿನ ಆ ಕಡೆ ಮೂಲೆಯಲ್ಲಿ. ಮುಖ್ಯ ಅತಿಥಿ ಇಲ್ಲ. ಸ್ಪೆಷಲ್ ಕ್ಲಾಸಿಗೆ ಲ್ಯಾಬಿಗೆ ಎರಡು ಟ್ಯೂಬ್‌ಲೈಟು ಅದೇ ದಿನ ಸಂಜೆ ಹಾಕಿಸಿದರು. ಆರು ತಿಂಗಳಿಂದ ಆಗದ್ದು!

ಅಂತರಗಂಗೆ:
ಜನವರಿ ಅಂದರೆ ಅವರೆಕಾಯಿ ಕಾಲ. ಊಟಕ್ಕೆ ಏನು?

ತೋಪಿನಮನೆ:
ಪಲಾವ್ ಅಂತ ಮಾತಾಗಿದೆ.

ಅಂತರಗಂಗೆ:
ಸೊಗಡಿನ ಅವರೆಕಾಯಿ ಸಿಗುವಾಗ ಪಲಾವಾ? ಹಿತಕಿದ ಬೇಳೆ ಸಾರು ಮಾಡಿ.

ಕವ್ವಾಲಿ ಟೀಚರ್:
ಮುನ್ನೂರು ಜನಕ್ಕೆ ಬೇಳೆ ಹಿತಕುವವರು ಯಾರು ಸ್ವಾಮಿ? ನೀವು ಬರ್ತೀರಾ?

ಬಂಗಾರಪೇಟೆ ಪಾನಿಪುರಿ:
ಪಲಾವಿಗೇ ಅವರೆಕಾಳು ಹಾಕಿ. ಜಗಳ ಮುಗೀತು. ಪಾನಿಪುರಿ ಸ್ಟಾಲ್ ಬೇಕಾದರೆ ನಮ್ಮವರು ಬರ್ತಾರೆ, ಬಿಳಿ ನೀರಿನದು.

ತೋಪಿನಮನೆ:
ತಡವಾಗಿ ಬರೀತಿದ್ದೀನಿ. ನಿನ್ನೆ ಆಯಿತು.

ಟ್ರ್ಯಾಕ್ಟರ್ ಹೇಳಿದ್ದೆವು. ಶುಕ್ರವಾರ ಸಂಜೆ ಮೇಸ್ತ್ರಿಯೇ ಬಂದು "ಟ್ರೇಲರ್ ಯಾಕೆ, ಅಲ್ಲಾಡುತ್ತೆ" ಅಂದು, ಬಿಚ್ಚಿಟ್ಟಿದ್ದ ಸೆಂಟ್ರಿಂಗ್ ಹಲಗೆ, ಖಾಲಿ ಡ್ರಮ್ಮು ಸೇರಿಸಿ ಒಂದು ಗಂಟೆಯಲ್ಲಿ ಸ್ಟೇಜ್ ಕಟ್ಟಿಬಿಟ್ಟ. ಹಲಗೆಯ ಮೇಲೆ ಸಿಮೆಂಟ್ ಮೆತ್ತಿಕೊಂಡಿತ್ತು, ಮಕ್ಕಳೇ ಕೆರೆದರು. ಹಿಂದಿನ ಪರದೆಗೆ ನನ್ನ ಎರಡು ಸೀರೆ ಹೋದವು. ಒಂದಕ್ಕೆ ಮೊಳೆ ಹೊಡೆದಿದ್ದಾರೆ. ಯಾರು ಅಂತ ಇನ್ನೂ ಗೊತ್ತಾಗಿಲ್ಲ.

ಶನಿವಾರ ಮಿಕ್ಸರ್ ನಿಲ್ಲಿಸಿದ್ದರು. ಆರು ತಿಂಗಳಲ್ಲಿ ಮೊದಲ ಸಲ ಶಾಲೆಯಲ್ಲಿ ಹಕ್ಕಿ ಸದ್ದು ಕೇಳಿಸಿತು ಅಂತ ಟೀಚರ್ ಒಬ್ಬರು ಅಂದರು. ಕೋಲಾಟದ ಸಾಲಿನಲ್ಲಿ ಒಂದು ಹುಡುಗಿಗೆ ಜ್ವರ, ಬಂದಿರಲಿಲ್ಲ. ಜೋಡಿ ಕಡಿಮೆ ಬಿತ್ತು. ಕೆಲಸದವರ ಶೆಡ್ಡಿನಲ್ಲಿರುವ ಒಂದು ಹುಡುಗಿ ದಿನಾ ಪ್ರಾಕ್ಟೀಸ್ ನೋಡುತ್ತಾ ಕೂತಿರುತ್ತಿದ್ದಳು. ರಾಯಚೂರು ಕಡೆಯವರು. ಅವಳನ್ನೇ ಎಳೆದುಕೊಂಡು ಬಂದರು. ಒಂದು ಹೆಜ್ಜೆಯೂ ತಪ್ಪಲಿಲ್ಲ. ನನ್ನ ಮಗಳು ಎರಡು ಸಲ ತಪ್ಪಿದಳು.

ಫೋಟೋ ಹೊಸ ಮೆಟ್ಟಿಲ ಮೇಲೆ. ಇನ್ನೂ ಗಿಲಾವು ಆಗಿಲ್ಲ, ಇಟ್ಟಿಗೆ ಕಾಣುತ್ತೆ. "ನಮ್ಮ ಫೋಟೋದಲ್ಲಿ ಮಾತ್ರ ಇಟ್ಟಿಗೆ ಕಾಣೋದು" ಅಂತ ಮಕ್ಕಳಿಗೆ ಒಂದು ಥರ ಜಂಬ.

ಸೈಟ್ ಸೀನ:
ಎಲ್ಲ ಸರಿ, ಮೆಟ್ಟಿಲು ಕಟ್ಟಿ ಎಷ್ಟು ದಿನ ಆಗಿತ್ತು?

ತೋಪಿನಮನೆ:
ಮೂರು ವಾರ ಸಾರ್. ಕೇಳಿಯೇ ಹತ್ತಿಸಿದ್ದು.

ಗಣಿತದ ಮೇಷ್ಟ್ರು:
ರಾಯಚೂರಿನ ಆ ಹುಡುಗಿಗೆ ವಯಸ್ಸೆಷ್ಟು? ಶಾಲೆಗೆ ಸೇರಿಸಿದ್ದಾರೋ ಇಲ್ಲವೋ?

ತೋಪಿನಮನೆ:
ಹನ್ನೊಂದು ಇರಬಹುದು ಮೇಷ್ಟ್ರೇ. ಪಕ್ಕದ ಪ್ರೈಮರಿ ಶಾಲೆಗೆ ಸೆಪ್ಟೆಂಬರ್‌ನಲ್ಲೇ ಸೇರಿಸಿಕೊಂಡಿದ್ದಾರಂತೆ. ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗ್ತಾರೋ ಗೊತ್ತಿಲ್ಲ.

ಗಣಿತದ ಮೇಷ್ಟ್ರು:
ಹೋಗುವ ಮುಂಚೆ ವರ್ಗಾವಣೆ ಪತ್ರ ಕೈಯಲ್ಲಿ ಕೊಟ್ಟು ಕಳಿಸಲು ಹೇಳಿ. ಪತ್ರ ಇಲ್ಲದಿದ್ದರೂ ಮುಂದಿನ ಊರಿನವರು ಸೇರಿಸಿಕೊಳ್ಳಲೇಬೇಕು, ಕಾನೂನು ಹಾಗಿದೆ. ಆದರೂ ಇದ್ದರೆ ಓಡಾಟ ತಪ್ಪುತ್ತದೆ. ನಾಳೆಯೇ ಹೇಳಿ.

ಹತ್ತನೇ ಬಿ:
ಅಕ್ಕಾ, ಸೀರೆಗೆ ಮೊಳೆ ಹೊಡೆದಿದ್ದು ನಾನು. ಸಾರಿ. ಜೋರು ಗಾಳಿ ಇತ್ತು.

ತೋಪಿನಮನೆ:
ಪರೀಕ್ಷೆ ಮುಗಿಯಲಿ, ನಿನ್ನ ನೋಡ್ಕೋತೀನಿ.

ಮಾಲೂರು ಹೆಂಚು:
ಯಾರೂ ಹೆಂಚಿನ ಬಗ್ಗೆ ಹೇಳಲೇ ಇಲ್ಲ.

ತೋಪಿನಮನೆ:
ಅಯ್ಯೋ ಮರೆತಿದ್ದೆ ಅಣ್ಣ. ಗೇಟಿಗೆ ಹರಾಜು ನೋಟಿಸ್ ಅಂಟಿಸಿದ್ದಾರೆ. ಸೋಮವಾರ 11 ಗಂಟೆಗೆ, ಶಾಲೆಯ ಹತ್ತಿರವೇ.

ಮಾಲೂರು ಹೆಂಚು:
ಬರ್ತೀನಿ. ದನದ ಕೊಟ್ಟಿಗೆಗೆ ಎಂಟುನೂರು ಹೆಂಚು ಬೇಕಿತ್ತು.

ಅಂತರಗಂಗೆ:
ಕೋತಿ ಬರುತ್ತೆ, ನೋಡ್ಕೊಳ್ಳಿ.